ಹಳೇ ಗಾಡಿಗೆ ದೊಡ್ಡ ಕಾರ್ಬೊರೇಟರ್ ಬೇಡ, ಸರಿಯಾದ ಜೆಟ್ ಬೇಕು

ಕಳೆದ ಕಬ್ಬಿನ ಹಂಗಾಮಿನ ಒಂದು ಮಧ್ಯಾಹ್ನ ಅಂಕಲಿ ದಾಟಿ ರಾಯಬಾಗದ ಕಡೆ ಹೊರಟಿದ್ದೆ. ಕಬ್ಬಿನ ದರದ ಬಗ್ಗೆ ರೈತರ ಸಭೆ ಇತ್ತು, ಸುದ್ದಿ ಕಳಿಸಬೇಕಿತ್ತು. ಮುಂದೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ಅದನ್ನು ದಾಟಲು ನನ್ನ ಆರ್‌ಎಕ್ಸ್ 100ರ ಎಕ್ಸಲೇಟರ್ ಪೂರ್ತಿ ತಿರುವಿದೆ. ದಾಟಿ ಅರ್ಧ ಕಿಲೋಮೀಟರ್ ಹೋಗಿರಬೇಕು, ಇಂಜಿನ್ ಒಮ್ಮೆಲೇ ಬಿಗಿಹಿಡಿದು ಹಿಂದಿನ ಗಾಲಿ ತಿರುಗುವುದನ್ನೇ ನಿಲ್ಲಿಸಿತು. ಗಾಡಿ ಹಾವಿನಂತೆ ಹರಿದಾಡಿತು. ಕೈ ತಾನಾಗಿ ಕ್ಲಚ್ ಹಿಡಿದದ್ದರಿಂದ ಉಳಿದೆ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನ ಹುಡುಗ ಬ್ರೇಕ್ ಹಾಕಿದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಗಾಡಿಯನ್ನು ಟಂಟಂನಲ್ಲಿ ಹಾಕಿಕೊಂಡು ಚಿಕ್ಕೋಡಿಗೆ ತಂದೆ. ಗ್ಯಾರೇಜಿನಲ್ಲಿ ಸಿಲಿಂಡರ್ ಎತ್ತಿದಾಗ ಪಿಸ್ಟನ್ ಮೇಲೆ ಉಗುರಿನಿಂದ ಗೀರಿದಂಥ ಉದ್ದುದ್ದ ಗೆರೆಗಳಿದ್ದವು. ಪ್ಲಗ್ಗಿನ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಮೇಸ್ತ್ರಿ ಪ್ಲಗ್ಗನ್ನು ನನ್ನ ಅಂಗೈ ಮೇಲಿಟ್ಟು ಹೇಳಿದರು: ‘ಗಾಡೀದ ತಪ್ಪಿಲ್ರಿ ಸರ. ನೀವು ಅದಕ್ಕ ಬಾಯಿ ದೊಡ್ಡದ ಮಾಡಿದ್ರಿ, ಊಟ ಕಮ್ಮಿ ಮಾಡಿದ್ರಿ.’

ಆ ಮಾತಿನಲ್ಲಿ ಇಡೀ ಕಥೆ ಇದೆ. ಆರು ತಿಂಗಳ ಹಿಂದೆ ಗೆಳೆಯನೊಬ್ಬನ ಮಾತು ಕೇಳಿ ಕೊಲ್ಹಾಪುರದಿಂದ 28 ಎಂಎಂ ಕಾರ್ಬೊರೇಟರ್ ತಂದು ಹಾಕಿಸಿದ್ದೆ. ಕಂಪನಿಯದು 20 ಎಂಎಂ. ಹೊಸದರ ಸದ್ದು ಚೆನ್ನಾಗಿತ್ತು, ಆದರೆ ಲೀಟರಿಗೆ ನಲವತ್ತು ಕೊಡುತ್ತಿದ್ದ ಗಾಡಿ ಇಪ್ಪತ್ತೈದಕ್ಕೆ ಇಳಿಯಿತು. ಜಿಲ್ಲಾ ಸ್ಟ್ರಿಂಗರ್‌ಗೆ ಸುದ್ದಿಗಿಷ್ಟು ಎಂದು ಬರುವ ದುಡ್ಡಿನಲ್ಲಿ ಇದು ನಡೆಯುವ ಮಾತಲ್ಲ. ಇನ್ನೊಂದು ಗ್ಯಾರೇಜಿನಲ್ಲಿ ‘ಎವರೇಜ್ ಸೆಟ್ಟಿಂಗ್’ ಮಾಡಿಸಿದೆ. ಅಲ್ಲಿ ಮೇನ್ ಜೆಟ್ ತೆಗೆದು ಸಣ್ಣ ನಂಬರಿನದು ಹಾಕಿದರು. ಟ್ಯಾಂಕಿನಲ್ಲಿ ಇದ್ದದ್ದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಮೂರೂ ಸೇರಿ ಪಿಸ್ಟನ್ ಕಚ್ಚಿತು.

ಈ ಮೂರರಲ್ಲಿ ಎರಡು ನಾನೇ ಮಾಡಿಕೊಂಡ ತಪ್ಪು. ಮೂರನೆಯದು ನನ್ನ ಕೈಯಲ್ಲಿಲ್ಲ. ಆದ್ದರಿಂದ ಈ ಬರಹದಲ್ಲಿ ಮೊದಲು ನಮ್ಮ ಹುಡುಗರಿಗೆ ಒಂದು ಮಾತು, ಆಮೇಲೆ ಸರ್ಕಾರಕ್ಕೆ ಒಂದು ಮಾತು.

ಅಮೆರಿಕದಲ್ಲಿ 1960ರ ದಶಕದ ದೊಡ್ಡ ಇಂಜಿನ್ನಿನ ಕಾರುಗಳಿಗೆ ಮಸಲ್ ಕಾರ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಆ ಹೆಸರನ್ನು ಹಿಂದುಸ್ತಾನ್ ಮೋಟರ್ಸಿನ ಕಾಂಟೆಸ್ಸಾಗೆ ಕೊಡುವವರಿದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗರಿಗೆ ಅದೆಲ್ಲ ಮೊಬೈಲಿನಲ್ಲಿ ನೋಡುವ ಮಾತು. ಇಲ್ಲಿನ ಮಸಲ್ ಅಂದರೆ 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100. 98 ಸಿಸಿ, 11 ಅಶ್ವಶಕ್ತಿ, ಹಗುರ ಮೈ. ಅದರ ಜೊತೆಗೆ ಹಳೇ ಬುಲೆಟ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಜಾತ್ರೆಗೆ, ಮದುವೆ ಮೆರವಣಿಗೆಗೆ, ಗಣೇಶ ವಿಸರ್ಜನೆಗೆ ಇವು ಬರಲೇಬೇಕು. ಆದರೆ ಕಾರ್ಬೊರೇಟರ್ ಇರುವುದು ಶೋಕಿಯ ಗಾಡಿಗಳಲ್ಲಿ ಮಾತ್ರವಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬರುವ ಮುಂಚೆ ಮಾರಾಟವಾದ ಹೆಚ್ಚುಕಮ್ಮಿ ಎಲ್ಲ ಕಮ್ಯೂಟರ್ ಬೈಕು, ಮೊಪೆಡ್ಡುಗಳಲ್ಲೂ ಅದೇ ಇದೆ. ಡೇರಿಗೆ ಹಾಲಿನ ಕ್ಯಾನ್ ಒಯ್ಯುವ ಟಿವಿಎಸ್, ಮೇವಿನ ಹೊರೆ ಹೊರುವ ಎಂ-80, ಹೊಲಕ್ಕೆ ಹೋಗುವ ಹತ್ತು ವರ್ಷದ ಸ್ಪ್ಲೆಂಡರ್ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ.

ಕಾರ್ಬೊರೇಟರ್ ಮಾಡುವ ಕೆಲಸ ಸರಳ. ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆಟ್ಟು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದೆ. ದಾರಿ ಕಿರಿದಾದಾಗ ವೇಗ ಹೆಚ್ಚುತ್ತದೆ. ಕಾರ್ಬೊರೇಟರಿನ ಕೊರಳಿನಲ್ಲಿ ಗಾಳಿಗೂ ಹಾಗೆಯೇ ಆಗುತ್ತದೆ. ವೇಗ ಹೆಚ್ಚಾದಲ್ಲಿ ಒತ್ತಡ ಇಳಿದು, ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ಟಿನ ತೂತಿನಿಂದ ಮೇಲೆದ್ದು ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಎಷ್ಟು ಪೆಟ್ರೋಲು ಬರಬೇಕು ಅನ್ನುವುದನ್ನು ನಿರ್ಧರಿಸುವುದು ಆ ತೂತಿನ ಅಳತೆ ಮತ್ತು ಗಾಳಿಯ ಎಳೆತ.

20 ಎಂಎಂ ಜಾಗದಲ್ಲಿ 28 ಎಂಎಂ ಹಾಕಿದರೆ ಎಂಟು ಎಂಎಂ ಅಷ್ಟೇ ತಾನೆ ಎನ್ನಿಸುತ್ತದೆ. ಆದರೆ ತೂತಿನ ವಿಸ್ತಾರ ಸುಮಾರು ಇಮ್ಮಡಿಯಾಗುತ್ತದೆ. ಇಂಜಿನ್ ಅಷ್ಟೇ ಇದೆ, ಅದು ಎಳೆಯುವ ಗಾಳಿಯೂ ಅಷ್ಟೇ. ಅಗಲ ದಾರಿಯಲ್ಲಿ ಗಾಳಿ ನಿಧಾನವಾಗುತ್ತದೆ, ಪೆಟ್ರೋಲು ಸರಿಯಾಗಿ ಒಡೆಯುವುದಿಲ್ಲ. ಕಡಿಮೆ ವೇಗದಲ್ಲಿ ಗಾಡಿ ಗುಟುರು ಹಾಕುತ್ತದೆ, ಸಂತೆಯ ಗದ್ದಲದಲ್ಲಿ ಬಂದ್ ಬೀಳುತ್ತದೆ. 350 ಸಿಸಿ ಬುಲೆಟ್ಟಿಗೆ ಕಂಪನಿ ಕೊಟ್ಟಿದ್ದು 24 ಎಂಎಂ ಮಿಕ್‌ಕಾರ್ಬ್. 28 ಎಂಎಂ ಕೊಟ್ಟಿದ್ದು 500 ಸಿಸಿಗೆ. ಟು-ಸ್ಟ್ರೋಕ್ ಹೆಚ್ಚು ಸುತ್ತು ತಿರುಗುತ್ತದೆ, ಹಾಗಾಗಿ ಎರಡರ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ 500 ಸಿಸಿ ಬುಲೆಟ್ಟಿನ ಬಾಯಿಯನ್ನು 98 ಸಿಸಿಗೆ ಕೂರಿಸಿದ್ದೆ ಎಂದು ನೆನೆದರೆ ಈಗ ನಗು ಬರುತ್ತದೆ.

ಈ ತಪ್ಪು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಮಸಲ್ ಕಾರಿನವರೂ ಇದನ್ನೇ ಮಾಡುತ್ತಾರೆ. ಅವರಲ್ಲಿ ಒಂದು ಲೆಕ್ಕ ಇದೆ: ಇಂಜಿನ್ನಿನ ಅಳತೆಯನ್ನು ಘನ ಇಂಚಿನಲ್ಲಿ ಹಿಡಿದು, ಗರಿಷ್ಠ ಸುತ್ತಿನಿಂದ ಗುಣಿಸಿ, 3,456ರಿಂದ ಭಾಗಿಸಬೇಕು. 350 ಘನ ಇಂಚಿನ ಇಂಜಿನ್ 5,500 ಸುತ್ತು ತಿರುಗಿದರೆ ನಿಮಿಷಕ್ಕೆ ಸುಮಾರು 557 ಘನ ಅಡಿ ಗಾಳಿ ಬೇಕು. ರಸ್ತೆಯ ಇಂಜಿನ್ ಅಷ್ಟನ್ನೂ ಎಳೆಯುವುದಿಲ್ಲ, ಶೇ 85 ಹಿಡಿದರೆ 473. ಅಂದರೆ 500ರ ಕಾರ್ಬೊರೇಟರ್ ಸಾಕು, 600ರದು ಧಾರಾಳವಾಯಿತು. ಆದರೂ 750ರದು ತಂದು ಕೂರಿಸುವವರು ಅಲ್ಲಿ ಇದ್ದೇ ಇದ್ದಾರೆ. ಅಳತೆಗಿಂತ ದೊಡ್ಡದನ್ನು ಕೊಳ್ಳುವ ಆಸೆಗೆ ಊರು, ದೇಶ ಇಲ್ಲ.

ಹಾಗಾದರೆ ಆರಿಸುವುದು ಹೇಗೆ? ಸಿಲಿಂಡರಿನ ಪೋರ್ಟ್ ಕೊರೆಸಿ, ಸೈಲೆನ್ಸರ್ ಬದಲಿಸಿ ರೇಸಿಗೆ ಇಳಿಯುವವರ ಲೆಕ್ಕ ಬೇರೆ. ರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿಯ ಅಳತೆಯೇ ಸರಿ. ಹಳೆಯದನ್ನು ಎಸೆಯುವ ಮುಂಚೆ ಬಿಚ್ಚಿ ನೋಡಿ. ಸ್ಲೈಡ್ ಸವೆದು ಗಡಗಡ ಅಲುಗಾಡುತ್ತಿದ್ದರೆ, ಬಾಡಿ ಬಿರುಕು ಬಿಟ್ಟಿದ್ದರೆ ಬದಲಿಸಿ. ಇಲ್ಲವಾದರೆ ಸೂಜಿ, ಜೆಟ್, ವಾಷರ್ ಇರುವ ರಿಪೇರಿ ಕಿಟ್ಟಿನಲ್ಲೇ ಕೆಲಸ ಆಗುತ್ತದೆ. ಹೊಸದನ್ನು ತಂದರೆ ಡೂಪ್ಲಿಕೇಟಿನ ಬಗ್ಗೆ ಎಚ್ಚರ ಇರಲಿ. ಮೇಲೆ ಹೆಸರು ಅಚ್ಚಾಗಿರುತ್ತದೆ, ಒಳಗಿನ ಜೆಟ್ಟಿನ ನಂಬರಿಗೂ ತೂತಿಗೂ ಸಂಬಂಧ ಇರುವುದಿಲ್ಲ. ನಂಬರನ್ನು ನಂಬಲು ಆಗದ ಜೆಟ್ಟಿನಿಂದ ಯಾವ ಟ್ಯೂನಿಂಗೂ ಸಾಧ್ಯವಿಲ್ಲ.

ಟ್ಯೂನಿಂಗ್ ಎಂದರೆ ಸ್ಕ್ರೂಡ್ರೈವರ್ ಹಿಡಿದು ಸದ್ದು ಕೇಳುವುದು ಎಂದು ನಾನೂ ತಿಳಿದಿದ್ದೆ. ಚಿಕ್ಕೋಡಿಯ ಮೇಸ್ತ್ರಿ ಎಕ್ಸಲೇಟರ್ ಹಿಡಿಕೆಗೆ ಬಿಳಿ ಟೇಪ್ ಅಂಟಿಸಿ ನಾಲ್ಕು ಗೆರೆ ಎಳೆದರು. ಮೊದಲ ಕಾಲು ಭಾಗದಲ್ಲಿ ಕೆಲಸ ಮಾಡುವುದು ಸ್ಲೋ ಜೆಟ್ ಮತ್ತು ಏರ್ ಸ್ಕ್ರೂ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಲ್ಲಿ ತೂಗುವ ಸೂಜಿ. ಕೊನೆಯ ಕಾಲು ಭಾಗಕ್ಕೆ ಮೇನ್ ಜೆಟ್. ಗಾಡಿ ಯಾವ ಗೆರೆಯಲ್ಲಿ ಮುಗ್ಗರಿಸುತ್ತದೋ ಆ ಭಾಗಕ್ಕೆ ಮಾತ್ರ ಕೈ ಹಾಕಬೇಕು.

ಅದಕ್ಕೂ ಮೊದಲು ಏರ್ ಫಿಲ್ಟರ್ ತೊಳೆದಿರಬೇಕು, ಪೆಟ್ರೋಲ್ ಕಾಕಿನ ಜಾಲರಿ ಸ್ವಚ್ಛವಿರಬೇಕು, ಬಟ್ಟಲಿನ ಫ್ಲೋಟ್ ಅಳತೆ ಸರಿ ಇರಬೇಕು, ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಬಿರಿದಿರಬಾರದು. ಆ ಬಿರುಕಿನಿಂದ ಕಳ್ಳಗಾಳಿ ಎಳೆದುಕೊಳ್ಳುತ್ತಿದ್ದರೆ ಯಾವ ಜೆಟ್ ಹಾಕಿದರೂ ಸುಖವಿಲ್ಲ. ಆಮೇಲೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುವಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತರಬೇಕು. ಇಂಜಿನ್ನಿನ ಸುತ್ತು ಅತಿ ಹೆಚ್ಚು, ಅತಿ ಸಮವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಸೂಜಿಯ ಕ್ಲಿಪ್ಪನ್ನು ಒಂದು ಗಾಡಿ ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ, ಮೇಲೇರಿಸಿದರೆ ಕಡಿಮೆಯಾಗುತ್ತದೆ.

ಕೊನೆಗೆ ಮೇನ್ ಜೆಟ್. ಖಾಲಿ ರಸ್ತೆಯಲ್ಲಿ ಪೂರ್ತಿ ಎಕ್ಸಲೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಇಂಜಿನ್ ಬಂದ್ ಮಾಡಿ, ನಿಂತ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ಕಾಫಿಪುಡಿಯ ಬಣ್ಣ ಇದ್ದರೆ ಸರಿ. ಕಾಡಿಗೆಯಂತೆ ಕರ್ರಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ, ಅಲ್ಲಿಂದ ಮುಂದೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಯಾವಾಗಲೂ ದೊಡ್ಡ ಜೆಟ್ಟಿನಿಂದ ಶುರು ಮಾಡಿ ಒಂದೊಂದೇ ನಂಬರ್ ಇಳಿಯಬೇಕು. ಪೆಟ್ರೋಲು ಹೆಚ್ಚಾದರೆ ಹೋಗುವುದು ನಿಮ್ಮ ನೂರು ರೂಪಾಯಿ. ಕಡಿಮೆಯಾದರೆ ಹೋಗುವುದು ಪಿಸ್ಟನ್, ಕೆಲವೊಮ್ಮೆ ಕಾಲು. ಎವರೇಜ್ ಸೆಟ್ಟಿಂಗ್ ಹೆಸರಿನಲ್ಲಿ ಸಣ್ಣ ಜೆಟ್ ಹಾಕುವ ರೂಢಿಯನ್ನು ನಮ್ಮ ಗ್ಯಾರೇಜಿನವರು ಬಿಡಬೇಕು, ಹಾಕಿಸಿಕೊಳ್ಳುವುದನ್ನು ನಾವೂ ಬಿಡಬೇಕು.

ಈಗ ಸರ್ಕಾರದ ಪಾಲಿಗೆ ಬರುತ್ತೇನೆ.

ಪೆಟ್ರೋಲು ಪೂರ್ತಿ ಉರಿಯಲು ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಪಾಲು ಸಾಕು, ಯಾಕೆಂದರೆ ಅದರೊಳಗೇ ಆಮ್ಲಜನಕ ಇದೆ. ಶೇ 20 ಬೆರಕೆಯಲ್ಲಿ ಈ ಲೆಕ್ಕ 13.5ರ ಹತ್ತಿರ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಸುಮಾರು ಶೇ 9ರಷ್ಟು ಹೆಚ್ಚು ಇಂಧನ ಬೇಕು. ಹೊಸ ಗಾಡಿಗಳಲ್ಲಿ ಸೈಲೆನ್ಸರಿನಲ್ಲಿ ಕೂತ ಸೆನ್ಸರ್ ಇದನ್ನು ಗಮನಿಸುತ್ತದೆ, ಕಂಪ್ಯೂಟರ್ ಸರಿಪಡಿಸುತ್ತದೆ. ಕಾರ್ಬೊರೇಟರಿಗೆ ಕಣ್ಣಿಲ್ಲ. 1990ರಲ್ಲಿ ಕೊರೆದ ತೂತು 1990ರ ಪೆಟ್ರೋಲಿಗೆ ಸರಿಯಾಗಿತ್ತು. ಇವತ್ತಿನ ಪೆಟ್ರೋಲಿಗೆ ಅದೇ ಗಾಡಿ ಹಸಿದುಕೊಂಡು ಓಡುತ್ತದೆ. ಒಂದೋ ಎರಡೋ ನಂಬರ್ ದೊಡ್ಡ ಜೆಟ್ ಹಾಕಿ ಪ್ಲಗ್ ನೋಡಿಕೊಂಡರೆ ಮುಗಿಯುವ ಕೆಲಸ ಇದು. ಆದರೆ ಇದನ್ನು ಗಾಡಿಯ ಮಾಲೀಕನಿಗೆ ಯಾರೂ ಹೇಳಿಲ್ಲ.

ಯೆಜ್ಡಿಯಂಥ ಗಾಡಿಗೆ ಇನ್ನೊಂದು ಅಪಾಯ ಇದೆ. ಅದರಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ, ನೀರು ಮತ್ತು ಎಥೆನಾಲ್ ಒಂದಾಗಿ ತಳಕ್ಕೆ ಇಳಿಯುತ್ತವೆ. ಆಯಿಲು ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾಕ್ ತೆರೆದಾಗ ಮೊದಲು ಇಳಿಯುವುದು ತಳದ್ದು, ಅಂದರೆ ಆಯಿಲಿಲ್ಲದ್ದು. 2019ರ ಆಗಸ್ಟಿನ ಕೃಷ್ಣಾ ಪ್ರವಾಹದಲ್ಲಿ ಮುಳುಗಿದ ಗಾಡಿಗಳ ಕಾರ್ಬೊರೇಟರಿನಿಂದ ಕೆಸರು ತೊಳೆದು ತೆಗೆದವರು ನಾವು. ಟ್ಯಾಂಕಿನಲ್ಲಿ ನೀರು ಸೇರುವುದು ಈ ಹೊಳೆಸಾಲಿನವರಿಗೆ ಪುಸ್ತಕದ ಮಾತಲ್ಲ. ನಿಂತ ಗಾಡಿಯ ಟ್ಯಾಂಕನ್ನೂ ಬಟ್ಟಲನ್ನೂ ಖಾಲಿ ಮಾಡಿ ಇಡಿ.

ಎಥೆನಾಲಿನ ಮೇಲೆ ನನಗೆ ಸಿಟ್ಟಿಲ್ಲ. ಬೆಳಗಾವಿ ಜಿಲ್ಲೆಯ ಈ ಭಾಗದಲ್ಲಿ ಕೂತು ಅದನ್ನು ಬೈಯಲು ಬಾಯಿ ಬರುವುದಿಲ್ಲ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಿಂದ ನಿಪ್ಪಾಣಿವರೆಗೆ ನಮ್ಮ ಬದುಕು ಸಕ್ಕರೆ ಕಾರ್ಖಾನೆಗಳ ಚಿಮಣಿಗೆ ಕಟ್ಟಿಕೊಂಡಿದೆ. ಸಕ್ಕರೆ ಬೆಲೆ ಬಿದ್ದಾಗ ಕಾರ್ಖಾನೆಗೆ ಇನ್ನೊಂದು ಆದಾಯ ಇದ್ದರೆ ರೈತನ ಬಿಲ್ಲು ಬೇಗ ಬರುತ್ತದೆ ಎಂಬ ಮಾತಿನಲ್ಲಿ ಅರ್ಥವಿದೆ. ಹೊರದೇಶದ ಎಣ್ಣೆಗೆ ಸುರಿಯುವ ದುಡ್ಡು ಅಷ್ಟಾದರೂ ಇಲ್ಲಿ ಉಳಿಯುತ್ತದೆ. ನನ್ನ ತಕರಾರು ಇಷ್ಟೇ: ಕಬ್ಬು ಬೆಳೆದವನ ಹೊಲದಿಂದ ಹೊರಟು ಡಿಸ್ಟಿಲರಿ ಸುತ್ತಿ ಅವನದೇ ಟ್ಯಾಂಕಿಗೆ ಬಂದ ವಸ್ತು ಅವನ ಗಾಡಿಯನ್ನು ಕೆಡಿಸಬಾರದು. ಕೆಡಿಸುವ ಸಾಧ್ಯತೆ ಇದ್ದರೆ ಮೊದಲೇ ಹೇಳಬೇಕು.

ಶೇ 20ರ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2030ಕ್ಕೆ ಇದ್ದ ಗುರಿಯನ್ನು ಐದು ವರ್ಷ ಮುಂದಕ್ಕೆ ಎಳೆದು 2025ರಲ್ಲೇ ಮುಟ್ಟಿದರು. ನೀತಿ ಆಯೋಗದ 2021ರ ವರದಿಯೇ ಹಳೇ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3ರಿಂದ 4ರಷ್ಟು ಕುಸಿಯಬಹುದು ಎಂದಿತ್ತು. ಹಳೇ ಗಾಡಿಗಳ ರಬ್ಬರ್ ಭಾಗ, ಗ್ಯಾಸ್ಕೆಟ್ಟುಗಳನ್ನು 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಬದಲಿಸಬೇಕಾಗಬಹುದು, ಖರ್ಚು ದೊಡ್ಡದಲ್ಲ ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಹೇಳಿತು. ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಬೇಕೆಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಬ್ರೆಜಿಲ್ ನಮಗಿಂತ ಹೆಚ್ಚು ಬೆರೆಸುತ್ತದಲ್ಲ ಎನ್ನುತ್ತಾರೆ. ನಿಜ. ಆದರೆ ಅಲ್ಲಿ ಯಾವ ಬೆರಕೆಗೂ ಒಗ್ಗುವ ಫ್ಲೆಕ್ಸ್ ಕಾರುಗಳು 2003ರಿಂದಲೇ ರಸ್ತೆಗೆ ಬಂದಿವೆ.

ಇತ್ತ ಅದೇ ಆಗಸ್ಟಿನಲ್ಲಿ, 20 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2,000 ರೂಪಾಯಿಗೆ ಏರಿಸಿತು. ಶುಲ್ಕ ತೆಗೆದುಕೊಂಡು ಓಡಿಸಲು ಅನುಮತಿ ಕೊಟ್ಟ ಮೇಲೆ ಆ ಗಾಡಿಗೆ ಹೊಂದುವ ವ್ಯವಸ್ಥೆಯ ಹೊಣೆಯೂ ಸರ್ಕಾರದ್ದೇ ಆಗುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಬಂಕಿನ ಪಂಪಿನ ಮೇಲೆ ಬೆರಕೆಯ ಪ್ರಮಾಣವನ್ನು ಕನ್ನಡದಲ್ಲಿ, ದೂರದಿಂದ ಕಾಣುವಂತೆ ಬರೆಯಲಿ. ತಾಲ್ಲೂಕಿಗೆ ಒಂದು ಬಂಕಿನಲ್ಲಾದರೂ ಶೇ 10ರ ಪೆಟ್ರೋಲ್ ಇರಲಿ, ಬೇಕಾದವರು ಹೋಗಿ ಹಾಕಿಸಿಕೊಳ್ಳುತ್ತಾರೆ. ಮತ್ತೆ, ನಮ್ಮ ಐಟಿಐಗಳಲ್ಲಿ ಗ್ಯಾರೇಜಿನವರಿಗಾಗಿ ಎರಡು ದಿನದ ತರಬೇತಿ ನಡೆಯಲಿ: ಹೊಸ ಪೆಟ್ರೋಲಿಗೆ ಹಳೇ ಕಾರ್ಬೊರೇಟರಿನ ಜೆಟ್ ಹೊಂದಿಸುವುದು, ಎಥೆನಾಲ್ ತಡೆಯುವ ರಬ್ಬರ್ ಪೈಪು ಗುರುತಿಸುವುದು, ಪ್ಲಗ್ ಓದುವುದು. ಹೊಸ ಹುಡುಗರು ಸ್ಕ್ಯಾನರ್ ಹಚ್ಚುವುದನ್ನು ಕಲಿತು ಬರುತ್ತಿದ್ದಾರೆ, ಅದು ಬೇಕು. ಆದರೆ ಕಾರ್ಬೊರೇಟರ್ ಬಲ್ಲ ಕೈಗಳಿಗೆ ಈಗ ಅರವತ್ತರ ವಯಸ್ಸು. ಅವರ ಜೊತೆ ಆ ವಿದ್ಯೆ ಹೋದರೆ ಕಾರ್ಬೊರೇಟರ್ ಇರುವ ಗಾಡಿಗಳು ಎಲ್ಲಿಗೆ ಹೋಗಬೇಕು? ಈ ಖರ್ಚಿನಲ್ಲಿ ಪಾಲು ಹಾಕಬೇಕಾದವರು ಎಥೆನಾಲ್ ಮಾರುವ ಕಾರ್ಖಾನೆಗಳು ಮತ್ತು ಕೊಳ್ಳುವ ತೈಲ ಕಂಪನಿಗಳು.

ನನ್ನ ಗಾಡಿ ಬೋರ್ ಮಾಡಿಸಿಕೊಂಡು ಹೊಸ ಪಿಸ್ಟನ್ ಜೊತೆ ಮತ್ತೆ ರಸ್ತೆಗೆ ಬಂದಿದೆ. 28 ಎಂಎಂ ಕಾರ್ಬೊರೇಟರ್ ಗೋಣಿಚೀಲದಲ್ಲಿದೆ. ಹಳೇ 20 ಎಂಎಂ ವಾಪಸ್ ಕೂತಿದೆ, ಕಂಪನಿಯದಕ್ಕಿಂತ ಎರಡು ನಂಬರ್ ದೊಡ್ಡ ಮೇನ್ ಜೆಟ್ಟಿನೊಂದಿಗೆ. ಎವರೇಜ್ ಮೂವತ್ತೆಂಟು. ಮೊನ್ನೆ ಅಥಣಿಗೆ ಹೋಗಿ ಬಂದ ಮೇಲೆ ಪ್ಲಗ್ ಬಿಚ್ಚಿ ನೋಡಿದೆ, ಕಾಫಿಪುಡಿ ಬಣ್ಣ. ಜೆಟ್ಟಿಗೆ ಕೊಟ್ಟಿದ್ದು ನೂರು ರೂಪಾಯಿಯೂ ಅಲ್ಲ. ಬೋರಿಗೆ, ಪಿಸ್ಟನ್ನಿಗೆ, ಟಂಟಂ ಬಾಡಿಗೆಗೆ ಕೊಟ್ಟಿದ್ದನ್ನು ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.